ಹಳೆಯ ಸ್ಟ್ರಾಟೋಕಾಸ್ಟರ್ ಬಿಚ್ಚಿ ನೋಡಿದ್ದು

ಮುಂಬಯಿ ಬಳಿಯ ಡೊಂಬಿವಲಿಯ ಮನೆಯೊಂದರಲ್ಲಿ ಮಾರಾಟಕ್ಕಿದ್ದ ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ಸ್ಟ್ರಾಟೋಕಾಸ್ಟರ್‌ನ ಸೀರಿಯಲ್ ಸಂಖ್ಯೆ ಎನ್5ರಿಂದ ಆರಂಭವಾಗುತ್ತಿತ್ತು. ಎನ್ ಎಂದರೆ ತೊಂಬತ್ತರ ದಶಕ, 5 ಎಂದರೆ 1995. ಮೊದಲಿಗೆ ಎಂ ಅಕ್ಷರವಿದ್ದರೆ ಮೆಕ್ಸಿಕೋದ್ದು. ಇದು ಅಮೆರಿಕದಲ್ಲೇ ತಯಾರಾದ ಅಮೆರಿಕನ್ ಸ್ಟ್ಯಾಂಡರ್ಡ್ ಮಾದರಿ ಎಂದು ಮಾರುವವರು ಅಷ್ಟರಿಂದಲೇ ಬೆಲೆ ಕಟ್ಟಿದ್ದರು. ಬರೀ ಸಂಖ್ಯೆಗೆ ನನ್ನ ಲೆಕ್ಕದಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಸಂಖ್ಯೆಯಿರುವ ಗಿಟಾರಿನ ತಲೆಭಾಗದ (ಹೆಡ್‌ಸ್ಟಾಕ್) ಮೇಲೆ ಯಾರು ಬೇಕಾದರೂ ಏನನ್ನಾದರೂ ಅಂಟಿಸಬಹುದು.

ಬೆರಳಿಡುವ ಜಾಗದ ಅಡ್ಡ ಲೋಹದ ಗೆರೆಗಳನ್ನು, ಅಂದರೆ ಫ್ರೆಟ್‌ಗಳನ್ನು ಎಣಿಸಿದೆ: 22. ತಂತಿಗಳನ್ನು ಹೊರುವ ಬ್ರಿಜ್ ಎರಡೇ ಸ್ಕ್ರೂಗಳ ಆಧಾರದಲ್ಲಿ ನಿಂತಿತ್ತು. ಆಗಿನ ಮೆಕ್ಸಿಕನ್ ಸ್ಟ್ಯಾಂಡರ್ಡ್ ಆಗಿದ್ದರೆ 21 ಫ್ರೆಟ್, ಆರು ಸ್ಕ್ರೂ. ಕೆಳಗಿನ ಟೋನ್ ಗುಂಡಿ ತಿರುಗಿಸಿದರೆ ನಡುವೆ ಟಕ್ಕೆಂದು ಬೆರಳಿಗೆ ತಡೆ ಸಿಕ್ಕಿತು. ಅಮೆರಿಕನ್ ಸ್ಟ್ಯಾಂಡರ್ಡ್‌ಗೆ ಹಾಕುತ್ತಿದ್ದ ಟಿಬಿಎಕ್ಸ್ ಎಂಬ ಟೋನ್ ಕಂಟ್ರೋಲ್‌ನ ಗುರುತು ಅದು. ನಕಲು ಮಾಡುವವರು ಅಲ್ಲಿಯವರೆಗೆ ತಲೆ ಕೆಡಿಸಿಕೊಳ್ಳುವುದು ಅಪರೂಪ. ಬ್ರಿಜ್‌ಗೆ ಹಿಡಿದಿದ್ದ ತುಕ್ಕು ಕೂಡ ನನಗೆ ಸಮಾಧಾನವನ್ನೇ ತಂದಿತು. ಇಷ್ಟು ಮಳೆಗಾಲ ಕಂಡ ಲೋಹ ಮುಂಬಯಿಯಲ್ಲಿ ಫಳಫಳ ಹೊಳೆಯುತ್ತಿದ್ದರೆ ನಾಲ್ಕು ಪ್ರಶ್ನೆ ಹೆಚ್ಚು ಕೇಳಬೇಕಾಗುತ್ತದೆ.

“ಒಳಗೆ ನೋಡಬಹುದೇ?” ಎಂದೆ.

“ಬಿಚ್ಚಿ ಮಾರಾಯರೇ, ನಾನೂ ನೋಡಿಲ್ಲ” ಎಂದರು. ಇದಕ್ಕೆ ಹಿಂದೇಟು ಹಾಕುವವರ ಮನೆಯಿಂದ ನಾನು ಚಹಾ ಮುಗಿಸಿ ಎದ್ದು ಬಂದುಬಿಡುತ್ತೇನೆ.

ತಂತಿ ಸಡಿಲಿಸಿ, ಹಿಂದಿನ ನಾಲ್ಕು ಸ್ಕ್ರೂ ತೆಗೆದು ಗಿಟಾರಿನ ಕತ್ತು (ನೆಕ್) ಎತ್ತಿದೆ. ಬುಡದಲ್ಲಿ 1995ರ ದಿನಾಂಕದ ಮುದ್ರೆ, ಮಾಸಿದ್ದರೂ ಓದುವಂತಿತ್ತು. ಮುಂಬದಿಯ ಪ್ಲಾಸ್ಟಿಕ್ ಹಲಗೆ (ಪಿಕ್‌ಗಾರ್ಡ್) ಮಗುಚಿದಾಗ ವಾಲ್ಯೂಮ್ ಗುಂಡಿಯ ಅಡಿಯ ಪಾಟ್‌ನ (ಪೊಟೆನ್ಷಿಯೋಮೀಟರ್) ಬೆನ್ನಿನಲ್ಲಿ 1379512 ಎಂದಿತ್ತು: 137 ಅದನ್ನು ತಯಾರಿಸಿದ ಸಿಟಿಎಸ್ ಕಂಪನಿಯ ಸಂಕೇತ, ಉಳಿದದ್ದು 95ರ 12ನೇ ವಾರ. ಪಾಟ್ ಗಿಟಾರಿಗಿಂತ ತುಸು ಮೊದಲಿನದಾಗಿರುವುದು ಸಹಜ. ವರ್ಷಗಟ್ಟಲೆ ಆಮೇಲಿನದಾದರೆ ಯಾರೋ ಬದಲಿಸಿದ್ದಾರೆ.

ಆದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಮೂರು ಪಿಕಪ್‌ಗಳಲ್ಲಿ ನಡುವಿನದರ ಬೆಸುಗೆ ಮಾತ್ರ ಹೊಸದಾಗಿ ಮಿನುಗುತ್ತಿತ್ತು. ಮಲ್ಟಿಮೀಟರ್ ಹಿಡಿದು ವಿದ್ಯುತ್ ರೋಧ ಅಳೆದರೆ ಉಳಿದೆರಡು 6 ಕಿಲೋ ಓಮ್ ಆಸುಪಾಸು, ಇದು 8 ದಾಟಿತು. ಅಡಿಯಲ್ಲಿ ಸೆರಾಮಿಕ್ ಆಯಸ್ಕಾಂತದ ಪಟ್ಟಿ ಅಂಟಿಸಿದ್ದರು. ಅಸಲಿಯಲ್ಲಿ ತಂತಿಯ ಕೆಳಗೆ ಕಾಣುವ ಆರು ಕಡ್ಡಿಗಳೇ ಅಲ್ನಿಕೋ ಎಂಬ ಮಿಶ್ರಲೋಹದ ಆಯಸ್ಕಾಂತಗಳು, ಪಟ್ಟಿಯ ಗೊಡವೆಯಿಲ್ಲ.

ಮಾರುವವರು ಕನ್ನಡಕ ಏರಿಸಿ ಆ ಪಿಕಪ್ಪನ್ನೂ ಅಸಲಿಯೊಂದನ್ನೂ ಅಕ್ಕಪಕ್ಕ ಇಟ್ಟು ನೋಡಿದರು, ವಾದಿಸಲಿಲ್ಲ. ಹಳೆಯ ಅಸಲಿ ಪಿಕಪ್ ಒಂದಕ್ಕೆ ಬೀಳುವ ಖರ್ಚನ್ನು ಬೆಲೆಯಿಂದ ಕಳೆದು ಅಲ್ಲಿಯೇ ಹಣ ಕೊಟ್ಟೆ.