ನಾರ್ಸೆಟ್ ತಯಾರಿ: ಡೋಸ್ ಲೆಕ್ಕದಲ್ಲಿ ಎಡವುವ ಜಾಗಗಳು

ನರ್ಸಿಂಗ್ ಅಧಿಕಾರಿಗಳ ನೇಮಕಾತಿಗೆ ಏಮ್ಸ್ ನಡೆಸುವ ನಾರ್ಸೆಟ್ ಇರಲಿ, ಬೇರೆ ಸ್ಟಾಫ್ ನರ್ಸ್ ಪರೀಕ್ಷೆ ಇರಲಿ, ಸೂತ್ರ ಮರೆತು ಅಂಕ ಕಳೆದುಕೊಳ್ಳುವವರಿಗಿಂತ ಯೂನಿಟ್ ನೋಡದೆ ಕಳೆದುಕೊಳ್ಳುವವರೇ ಹೆಚ್ಚು.

ಮೊದಲು ಡ್ರಿಪ್. ದ್ರವದ ಮಿಲಿಯನ್ನು, 1 ಮಿಲಿಗೆ ಸೆಟ್ ಬೀಳಿಸುವ ಹನಿಗಳ ಸಂಖ್ಯೆಯಾದ ಡ್ರಾಪ್ ಫ್ಯಾಕ್ಟರ್‌ನಿಂದ ಗುಣಿಸಿ, ನಿಮಿಷಗಳಿಂದ ಭಾಗಿಸಿ. 1000 ಮಿಲಿ, 8 ಗಂಟೆ, 20 ಹನಿಯ ಸೆಟ್ ಅಂದರೆ 20,000 ಭಾಗಿಸು 480. ನಿಮಿಷಕ್ಕೆ 42 ಹನಿ. ಗಂಟೆಯನ್ನು ನಿಮಿಷ ಮಾಡಲು ಮರೆತರೆ 2500 ಬರುತ್ತದೆ. ಅಷ್ಟು ಹನಿ ಎಣಿಸಲಾದೀತೇ? ಮೈಕ್ರೋ ಸೆಟ್‌ನಲ್ಲಿ 1 ಮಿಲಿಗೆ 60 ಹನಿ, ಹಾಗಾಗಿ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ.

ಮಕ್ಕಳ ಡೋಸ್‌ಗೆ ತೂಕವೇ ಆಧಾರ. 12 ಕೆಜಿ ಮಗುವಿಗೆ ಪ್ಯಾರಾಸಿಟಮಾಲ್ ಕೆಜಿಗೆ 15 ಮಿಗ್ರಾಂ ಅಂದರೆ 180 ಮಿಗ್ರಾಂ. ಸಿರಪ್ 5 ಮಿಲಿಗೆ 250 ಮಿಗ್ರಾಂ ಇದ್ದರೆ 3.6 ಮಿಲಿ, 125 ಇದ್ದರೆ 7.2 ಮಿಲಿ. ಲೇಬಲ್ ತಪ್ಪಿ ಓದಿದರೆ ಡೋಸ್ ದುಪ್ಪಟ್ಟು, ಇಲ್ಲವೇ ಅರ್ಧ.

ಇನ್ಸುಲಿನ್ ಇನ್ನೂ ಮೋಸದ್ದು. ನಮ್ಮಲ್ಲಿ ವಯಲ್ ಸಾಮಾನ್ಯವಾಗಿ 1 ಮಿಲಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜ್. ಕಿತ್ತಳೆ ಮುಚ್ಚಳದ ಯು-100 (1 ಮಿಲಿಗೆ 100 ಯೂನಿಟ್) ಸಿರಿಂಜ್‌ನಲ್ಲಿ ಅದೇ ಇನ್ಸುಲಿನ್ 20ರ ಗೆರೆವರೆಗೆ ಎಳೆದರೆ ಸಿಗುವುದು 0.2 ಮಿಲಿ, ಅಂದರೆ ಬರೀ 8 ಯೂನಿಟ್. ತಿರುಗುಮುರುಗಾದರೆ, ಯು-100 ಇನ್ಸುಲಿನ್ ಯು-40 ಸಿರಿಂಜ್‌ಗೆ ಹೋದರೆ, 20ರ ಬದಲು 50 ಯೂನಿಟ್. ರೋಗಿಯ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಲೆಕ್ಕವಿಲ್ಲದ ಪ್ರಶ್ನೆಗಳೂ ಬರುತ್ತವೆ. ದೊಡ್ಡವರಿಗೆ ಹೃದಯದ ಔಷಧಿ ಡಿಗಾಕ್ಸಿನ್ ಕೊಡುವ ಮುನ್ನ ಏಪಿಕಲ್ ಪಲ್ಸ್ (ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳುವ ಹೃದಯ ಬಡಿತ) ಪೂರ್ತಿ ಒಂದು ನಿಮಿಷ ಎಣಿಸಿ. 60ಕ್ಕಿಂತ ಕಡಿಮೆ ಇದ್ದರೆ ತಡೆದು ವೈದ್ಯರಿಗೆ ತಿಳಿಸಿ. ಪೊಟ್ಯಾಸಿಯಂ ಕ್ಲೋರೈಡ್ ‘ಐವಿ ಪುಶ್’ (ಸಿರಿಂಜ್ ಮೂಲಕ ನೇರವಾಗಿ ರಕ್ತನಾಳಕ್ಕೆ ಒಮ್ಮೆಲೇ ಕೊಡುವುದು) ಎಂಬ ಆಯ್ಕೆ ಕಂಡರೆ ಕಣ್ಣುಮುಚ್ಚಿ ಹೊಡೆದುಹಾಕಿ.