ರಿಜೆಕ್ಟ್ ಆದ ಮೇಲೆ ನಾನೇ ಮಾಡಿದ ಷೆಂಗೆನ್ ಫೈಲ್

"ಒಂದು ಸಲ ರಿಜೆಕ್ಟ್ ಆದವನು ಏಜೆಂಟ್ ಇಲ್ಲದೆ ಹಾಕ್ತೀಯಾ?" ಅಂತ ನಕ್ಕವರಿಗೆಲ್ಲ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾದ ಸ್ಟಿಕ್ಕರ್ ತೋರಿಸಿಯಾಗಿದೆ. ಈಗ ಅವರೇ ಫೈಲ್ ಹಿಡಿದುಕೊಂಡು ಬರುತ್ತಾರೆ.

ಮೊದಲ ಸಲ ಏಜೆಂಟ್ ಕೈಗೆ ಕೊಟ್ಟಿದ್ದೆ. ಅರವತ್ತು ಚಿಲ್ಲರೆ ಹಾಳೆ, ಮದುವೆ ಆಲ್ಬಂ ಥರ ಇತ್ತು. ಮೂರು ವಾರಕ್ಕೆ ಪಾಸ್‌ಪೋರ್ಟ್ ಖಾಲಿ ವಾಪಸ್ ಬಂತು. ಜೊತೆಗೆ ಟಿಕ್ ಹಾಕಿದ ಒಂದು ಹಾಳೆ: ಪ್ರವಾಸದ ಉದ್ದೇಶ, ಉಳಿಯುವ ವಿವರ ಸರಿಯಿಲ್ಲ. ಆಗ ಶುಲ್ಕ 80 ಯೂರೊ. ಸರ್ವಿಸ್ ಚಾರ್ಜ್, ಕಮಿಷನ್ ಎಲ್ಲ ಸೇರಿ ಸುಮಾರು 200 ಯೂರೊ ನೀರಲ್ಲಿ ಹೋಮ.

ಸಿಟ್ಟಿಳಿದ ಮೇಲೆ ಫೈಲ್ ಬಿಚ್ಚಿ ಕೂತೆ. ಒಂದೊಂದು ರಾತ್ರಿಗೂ ಒಂದು ಸಾಲು ಎಳೆದೆ. ತಾರೀಕು, ಊರು, ಎಲ್ಲಿ ಮಲಗುತ್ತೇನೆ, ಪುರಾವೆ ಎಷ್ಟನೇ ಪುಟ. ಹನ್ನೊಂದು ಸಾಲಲ್ಲಿ ಏಳನೆಯದು ಖಾಲಿ! ಆ ರಾತ್ರಿ ರೈಲಲ್ಲಿ ಕಳೆಯುವ ಪ್ಲ್ಯಾನ್. ಟಿಕೆಟ್ಟನ್ನು ಫೈಲಿಗೆ ಹಾಕೇ ಇರಲಿಲ್ಲ. ನೋಡುವವರ ಲೆಕ್ಕದಲ್ಲಿ ಆಸಾಮಿ ಒಂದು ರಾತ್ರಿ ನಾಪತ್ತೆ. ಇನ್ಶೂರೆನ್ಸ್ ಬೇರೆ ಹನ್ನೊಂದು ದಿನಕ್ಕೆ ಮಾಡಿಸಿದ್ದರು. ಹನ್ನೊಂದು ರಾತ್ರಿ ಅಂದರೆ ಹನ್ನೆರಡು ದಿನ ಅಲ್ವಾ? ಒಳಗೆ ಹೋದ ದಿನ, ಹೊರಗೆ ಬಂದ ದಿನ ಎರಡೂ ಲೆಕ್ಕಕ್ಕಿದೆ. 30,000 ಯೂರೊ ಕವರ್ ಇದ್ದೂ ಕೊನೇ ದಿನಕ್ಕೆ ಏನೂ ಇಲ್ಲ. ಅಷ್ಟು ಸಾಲದು ಅಂತ ಕೊನೇ ವಾರ ನನ್ನ ಬ್ಯಾಂಕ್ ಖಾತೆಗೆ ಯಾರದೋ ದುಡ್ಡು ಹಾಕಿಸಿದ್ದೂ ಏಜೆಂಟ್ ಐಡಿಯಾನೇ.

ಎರಡನೇ ಸಲಕ್ಕೆ ಶುಲ್ಕ 90 ಆಗಿತ್ತು, 2024ರ ಜೂನ್‌ನಲ್ಲಿ ಏರಿಸಿದರಲ್ಲ. ಮೂರು ತಿಂಗಳು ಯಾರ ದುಡ್ಡೂ ಹಾಕಿಸದೆ ಖಾತೆಯನ್ನು ಅದರ ಪಾಡಿಗೆ ಬಿಟ್ಟೆ. ಅಪಾಯಿಂಟ್‌ಮೆಂಟ್ ಸುಲಭವಾಗಿ ಸಿಗುವ ದೇಶಕ್ಕೆ ಹಾಕು ಅಂದರು. ಕೇಳಲಿಲ್ಲ, ರಾತ್ರಿಗಳು ಎಲ್ಲಿ ಜಾಸ್ತಿಯೋ ಅಲ್ಲಿಗೇ ಹಾಕಿದೆ. ಹಳೇ ರಿಜೆಕ್ಟ್ ಮುಚ್ಚಿಡು ಅಂದರು. ಅದು ಆ ದೇಶಗಳೆಲ್ಲ ನೋಡುವ ವೀಸಾ ದಾಖಲೆ ವ್ಯವಸ್ಥೆ ವಿಐಎಸ್‌ನಲ್ಲಿ ಐದು ವರ್ಷ ಕೂತಿರುತ್ತದೆ, ಯಾರಿಂದ ಮುಚ್ಚಿಡುವುದು? ಕವರ್ ಲೆಟರ್‌ನ ಎರಡನೇ ಸಾಲಲ್ಲೇ ಬರೆದೆ. ಹೇಗೆ ಬರೆದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟು ಬರೆದದ್ದು ಅದು.

ನಡುವೆ ಫೋಟೊ ನಾನೇ ತೆಗೆಯೋಣ ಅನ್ನುವ ಹುಚ್ಚು ಹಿಡಿಯಿತು. ಬಿಳಿ ಬೆಡ್‌ಶೀಟ್ ಕಟ್ಟಿ, 35 ಗುಣಿಲೆ 45 ಮಿಲಿಮೀಟರ್ ಅಳತೆಗೆ ಕತ್ತರಿಸಿದ್ದೇ ಕತ್ತರಿಸಿದ್ದು. ಹನ್ನೆರಡು ಪ್ರಿಂಟ್ ಹಾಳು. ಕೌಂಟರಿನವರು ಬೆಡ್‌ಶೀಟಿನ ಮಡಿಕೆ ನೋಡಿ ನಕ್ಕು ವಾಪಸ್ ಕೊಟ್ಟರು. ಸುಮ್ನೆ ಸ್ಟುಡಿಯೋಗೆ ಹೋಗಿ.

ಈ ಸಲ ಇದ್ದದ್ದು 26 ಹಾಳೆ, ಮೇಲ್ಗಡೆ ರಾತ್ರಿಗಳ ಪಟ್ಟಿ. ಹತ್ತೋ ಹನ್ನೆರಡೋ ದಿನಕ್ಕೆ ಸ್ಟಿಕ್ಕರ್ ಬಂತು.

ಅದು ಬಂತು ಅಂತ ಫೈಲನ್ನು ದೊಡ್ಡ ಪೆಟ್ಟಿಗೆಗೆ ತುಂಬಬೇಡಿ. ವೀಸಾ ಇದ್ದರೂ ಗಡಿಯಲ್ಲಿ ಹೋಟೆಲ್, ವಾಪಸ್ ಟಿಕೆಟ್, ಖರ್ಚಿನ ದುಡ್ಡು ಎಲ್ಲ ಮತ್ತೆ ಕೇಳಬಹುದು. ನನ್ನನ್ನು ಕೇಳಿದರು. ಕೈಚೀಲದಿಂದ ಅದೇ ಪಟ್ಟಿ ತೆಗೆದು ಕೊಟ್ಟೆ. ಅಧಿಕಾರಿಯ ಬೆರಳು ಮೇಲಿಂದ ಇಳಿದು ಏಳನೇ ಸಾಲಿಗೆ ನಿಂತಿತು. "ರೈಲಾ?" "ಹೌದು." ಸ್ಟ್ಯಾಂಪ್ ಬಿತ್ತು. ಅದು ಆಗಿನ ಮಾತು. 2025ರ ಅಕ್ಟೋಬರ್‌ನಿಂದ ಇಇಎಸ್, ಅಂದರೆ ಗಡಿಯಲ್ಲಿ ಒಳಗೆ ಬಂದವರನ್ನೂ ಹೊರಗೆ ಹೋದವರನ್ನೂ ಕಂಪ್ಯೂಟರ್‌ನಲ್ಲಿ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಸ್ಟ್ಯಾಂಪ್ ಜಾಗಕ್ಕೆ ಬೆರಳಚ್ಚು, ಮುಖದ ಫೋಟೊ ಬಂದಿವೆ. ಮೊದಲ ಸಲ ಹೋಗುವವರು ಕ್ಯೂಗೆ ಸ್ವಲ್ಪ ಜಾಸ್ತಿ ಟೈಮ್ ಇಟ್ಟುಕೊಳ್ಳಿ.