ಮಾಲೆ ಹಾಕುವ ಮುಂಚೆ ಎಣ್ಣೆ ಬಿಡುವುದು ಹೇಗೆ?

ಕಾರ್ತಿಕ ಬಂತೆಂದರೆ ಊರೂರಲ್ಲೂ ಅಯ್ಯಪ್ಪನ ಮಾಲೆ ಹಾಕುವವರು ಕಾಣುತ್ತಾರೆ. ಹಿಂದಿನ ರಾತ್ರಿ ಕೊನೇ ಕ್ವಾರ್ಟರ್, ಬೆಳಿಗ್ಗೆ ತಣ್ಣೀರು ಸ್ನಾನ, ಆಮೇಲೆ 41 ದಿನ ಒಂದು ತೊಟ್ಟೂ ಇಲ್ಲ. ಅಪರೂಪಕ್ಕೆ ಕುಡಿಯುವವರಿಗೆ ಇದು ಒಳ್ಳೆಯದೇ. ಆದರೆ ವರ್ಷಗಟ್ಟಲೆ ದಿನಾ ಕುಡಿದವರು ಹೀಗೆ ಏಕಾಏಕಿ ಬಿಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು. ಭಕ್ತಿ ಕಮ್ಮಿಯಾಗಿ ಹಾಗಾಗುವುದಲ್ಲ. ಮದ್ಯ ಮೆದುಳನ್ನು ಅದುಮಿ ಇಟ್ಟಿರುತ್ತದೆ. ಅದು ತಟ್ಟನೆ ಇಲ್ಲವಾದರೆ ಮೆದುಳು ಸ್ಪ್ರಿಂಗಿನಂತೆ ಚಿಮ್ಮುತ್ತದೆ.

ಮೊದಲು ಲೆಕ್ಕ ಹಾಕಿ. ಒಂದು ಕ್ವಾರ್ಟರ್, ಅಂದರೆ 180 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇದೆ. 650 ಎಂ.ಎಲ್. ಸ್ಟ್ರಾಂಗ್ ಬಿಯರಿನಲ್ಲಿ 40 ಗ್ರಾಂ. ‘ಬಿಯರ್ ತಾನೇ’ ಅನ್ನುವ ಹಾಗಿಲ್ಲ, ಅಲ್ವಾ? ದಿನಾ ಕ್ವಾರ್ಟರ್ ಬೇಕೇ? ಬೆಳಿಗ್ಗೆ ಕೈ ನಡುಗಿ ಟೀ ಲೋಟ ತುಳುಕುತ್ತದೆಯೇ, ಒಂದು ನೈಂಟಿ ಬಿದ್ದ ಮೇಲೇ ನಿಲ್ಲುತ್ತದೆಯೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ? ಒಂದಕ್ಕೆ ಹೌದು ಅಂದರೂ ನೀವೊಬ್ಬರೇ ಬಿಡಲು ಹೋಗಬೇಡಿ.

ಮಾಲೆಗೆ ಎರಡು ವಾರ ಮುಂಚೆಯೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹತ್ತಿರವಿದ್ದರೆ ಅಲ್ಲಿಗೆ ಹೋಗಿ. ಮುಜುಗರ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಅದು, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರನ್ನು ನೋಡುವವರೆಗೆ ಪೂರ್ತಿ ನಿಲ್ಲಿಸಬೇಡಿ, ಸ್ವಲ್ಪ ಸ್ವಲ್ಪವೇ ಇಳಿಸಿ. ಅವರು ಕೊಡುವ ಮಾತ್ರೆ ಕೆಲವು ದಿನಗಳ ಮಟ್ಟಿಗೆ. ಅದರ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ತರುವುದು ಬೇಡವೇ ಬೇಡ.

ಇನ್ನೊಂದು ಮಾತು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಸುಸ್ತು ಅಂತ ಬಾಟಲಿ ಗ್ಲೂಕೋಸ್ ಹಾಕಿಸಲು ಹೋಗುತ್ತಾರೆ. ದಿನಾ ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್ ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಕುಡಿತದ ವಿಷಯ ಮುಚ್ಚಿಡದೆ ಹೇಳಿ, ಥಯಾಮಿನ್ ಕೇಳಿ.

ಮನೆಯವರು ಮೊದಲ ನಾಲ್ಕು ದಿನ ಹತ್ತಿರವೇ ಇರಿ. ನಡುಕ, ಬೆವರು, ವಾಂತಿ ಮೊದಲ ದಿನವೇ ಶುರುವಾಗುತ್ತದೆ. ಫಿಟ್ಸ್ ಬಂದರೆ ಅದೂ ಹೆಚ್ಚಾಗಿ ಮೊದಲ ಎರಡು ದಿನದಲ್ಲೇ. ಆಗ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಮೂರನೇ ದಿನದ ಹೊತ್ತಿಗೆ ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನಬಹುದು, ಇಲ್ಲದವರ ಜೊತೆ ಮಾತಾಡಬಹುದು. ಅಯ್ಯಪ್ಪ ಮೈಮೇಲೆ ಬಂದ ಅಂತ ಕೈಮುಗಿದು ಕೂರಬೇಡಿ. ಅದಕ್ಕೂ 108ಕ್ಕೇ ಫೋನ್ ಮಾಡಿ.

ಶಬರಿಮಲೆಯಿಂದ ಬಂದು ಮಾಲೆ ತೆಗೆದ ರಾತ್ರಿಯೂ ಹುಷಾರಾಗಿರಬೇಕು. ಅಷ್ಟು ದಿನ ಬಿಟ್ಟ ಮೈಗೆ ಹಳೇ ಅಳತೆ ತಡೆಯುವ ಶಕ್ತಿ ಇರುವುದಿಲ್ಲ. ಕುಡಿಯದಿದ್ದರೆ ಒಳ್ಳೆಯದು. ಕುಡಿದೇ ಕುಡಿಯುತ್ತೇನೆ ಅನ್ನುವವರು ಊಟ ಮಾಡಿ, 30 ಎಂ.ಎಲ್.ಗೆ ನಿಲ್ಲಿಸಿ, ಬೈಕಿನ ಕೀಲಿಯನ್ನು ಮನೆಯವರ ಕೈಗೆ ಕೊಟ್ಟಿರಿ.